ಓದುಗರ ಸ್ಪಂದನ: ಸೂಜಿ ಚುಚ್ಚಿದರೆ ತಪ್ಪು ಯಾರದು?

ಖಾಸಗಿ ಆಸ್ಪತ್ರೆಯ ಸ್ಟಾಫ್ ನರ್ಸ್ ಒಬ್ಬರು ಕಳೆದ ಸಂಚಿಕೆಯಲ್ಲಿ ಸಂಕಟ ಹೇಳಿಕೊಂಡಿದ್ದರು. ರಕ್ತ ತೆಗೆದ ಸೂಜಿ ಅವರ ಬೆರಳಿಗೆ ಚುಚ್ಚಿದೆ. ‘ನಿಮ್ಮದೇ ಅಜಾಗ್ರತೆ, ರಿಜಿಸ್ಟರಿನಲ್ಲಿ ಬರೆಯಬೇಡಿ’ ಎಂದ ಆಡಳಿತದವರು ಪರೀಕ್ಷೆಯ ಖರ್ಚನ್ನೂ ಸಂಬಳದಲ್ಲಿ ಹಿಡಿದಿದ್ದಾರೆ. ದೂರು ಕೊಡಲೇ, ಸುಮ್ಮನಿರಲೇ ಎಂದು ಅವರು ಕೇಳಿದ್ದರು.

*

ತಂಗೀ, ನಿನ್ನ ಪತ್ರವನ್ನು ಒಂದೇ ಸಲಕ್ಕೆ ಓದಿ ಮುಗಿಸಲಾಗಲಿಲ್ಲ. ನನಗೂ ಹೀಗಾಗಿತ್ತು. ರಾತ್ರಿ ಪಾಳಿಯಲ್ಲಿ ಡ್ರಿಪ್ ಹಾಕುವಾಗ ರೋಗಿ ಕೈ ಕೊಡವಿದ. ಸೂಜಿ ಗ್ಲೌಸ್ ದಾಟಿ ಹೆಬ್ಬೆರಳಿಗೆ ಇಳಿಯಿತು. ಗ್ಲೌಸಿನೊಳಗೆ ರಕ್ತ ಹರಡುವುದು ಹೊರಗಿನಿಂದಲೇ ಕಾಣುತ್ತಿತ್ತು. ನಲ್ಲಿಯ ಕೆಳಗೆ ಸೋಪು ಹಚ್ಚಿ ತೊಳೆಯುತ್ತಿದ್ದಾಗ ಮೇಲ್ವಿಚಾರಕರು ಬಂದು ಕೇಳಿದ ಮೊದಲ ಮಾತು: ‘ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋದೆಯಾ?’ ರೋಗಿಯ ರಿಪೋರ್ಟ್ ಏನೆಂದು ಅವರು ಕೇಳಲಿಲ್ಲ. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು 2 ಗಂಟೆಯೊಳಗೆ ಶುರುಮಾಡಬೇಕು, 72 ಗಂಟೆ ಮೀರಬಾರದು. ಔಷಧಿ ಬೀರುವಿನ ಬೀಗದ ಕೈ ಹುಡುಕುವಷ್ಟರಲ್ಲಿ ಬೆಳಗಾಯಿತು. 28 ದಿನವೂ ನುಂಗಿದೆ. ವಾಕರಿಕೆಗೆ ಮನೆಯಲ್ಲಿ ಪಿತ್ತವೆಂದು ಹೇಳಿದೆ. ಸೋಂಕಿತ ರಕ್ತದ ಒಂದು ಚುಚ್ಚಿನಿಂದ ಎಚ್‌ಐವಿ ಬರುವ ಸಂಭವ ಸುಮಾರು ಶೇ 0.3, ಲಸಿಕೆ ಪಡೆಯದವರಿಗೆ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ತಗಲುವ ಸಂಭವ ಶೇ 30ರವರೆಗೂ ಇದೆ. ಆದರೂ ನಾವೆಲ್ಲ ಬೆವರುವುದು ಎಚ್‌ಐವಿ ಎಂದರೆ! ನಿನಗೆ ಲಸಿಕೆಯ ಮೂರೂ ಡೋಸ್ ಆಗಿವೆಯೇ? ಪತ್ರದಲ್ಲಿ ಅದು ಇರಲಿಲ್ಲ.
– ನಿವೃತ್ತ ನರ್ಸ್, ದಾವಣಗೆರೆ

*

ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬಾರದೆಂದು ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಕಲಿತದ್ದನ್ನು ಪಾಲಿಸಿ.
– ಲ್ಯಾಬ್ ಟೆಕ್ನಿಷಿಯನ್, ಬೆಳಗಾವಿ

(ಪತ್ರ ಬರೆದವರು ಕ್ಯಾಪ್ ಹಾಕಲು ಹೋಗಿದ್ದಾಗಿ ಎಲ್ಲೂ ಹೇಳಿಲ್ಲ. – ಸಂ.)

*

ಸಣ್ಣ ಆಸ್ಪತ್ರೆ ನಡೆಸುವ ಕಷ್ಟ ನಮಗೆ ಗೊತ್ತು. ಪ್ರತಿ ಚುಚ್ಚನ್ನೂ ದಾಖಲಿಸಿದರೆ ತಪಾಸಣೆಗೆ ಬಂದವರು ನಮ್ಮನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ನರ್ಸುಗಳು ಒಂದು ವರ್ಷವೂ ನಿಲ್ಲುವುದಿಲ್ಲ, ಯಾರಿಗೆಂದು ತರಬೇತಿ ಕೊಡುವುದು?
– ಆಡಳಿತಾಧಿಕಾರಿ, ತುಮಕೂರು

(ಕಷ್ಟ ನಿಜವೇ. ಆದರೆ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳು ಅಪಘಾತಗಳ ದಾಖಲೆಯನ್ನೂ ಹೆಪಟೈಟಿಸ್ ಬಿ ಲಸಿಕೆಯನ್ನೂ ಆಸ್ಪತ್ರೆಯ ಹೊಣೆಯಾಗಿಸಿವೆ. 2017ರ ಎಚ್‌ಐವಿ ಕಾಯ್ದೆಯಂತೆ ತಡೆಮಾತ್ರೆಯನ್ನೂ ಆಸ್ಪತ್ರೆಯೇ ಕೊಡಬೇಕು. – ಸಂ.)

*

ನನ್ನ ಹೆಂಡತಿ ಆಸ್ಪತ್ರೆಯ ಕಸ ಎತ್ತುತ್ತಾಳೆ. ಸೂಜಿ ಹಾಕುವ ಬಿಳಿ ಡಬ್ಬ ತುಂಬಿ ತುಳುಕಿದರೂ ಬದಲಿಸುವವರಿಲ್ಲ. ಉಳಿದವು ಹಳದಿ ಚೀಲಕ್ಕೆ ಬೀಳುತ್ತವೆ, ಅಲ್ಲಿಂದ ಅವಳ ಕೈಗೆ. ಆಸ್ಪತ್ರೆಯವರು ಗುತ್ತಿಗೆದಾರನನ್ನು ಕೇಳಿ ಎನ್ನುತ್ತಾರೆ, ಅವನು ಆಸ್ಪತ್ರೆಯವರನ್ನು ಕೇಳಿ ಎನ್ನುತ್ತಾನೆ. ನರ್ಸಮ್ಮನವರು ಆ ಡಬ್ಬದ ಬಗ್ಗೆಯೂ ಬರೆಯಲಿ.
– ಓದುಗ, ಕಲಬುರಗಿ

*

ದೂರು ಎನ್ನಬೇಡಿ, ‘ಅಪಘಾತ ವರದಿ’ ಎನ್ನಿ. ದಿನಾಂಕ, ಹೊತ್ತು, ವಾರ್ಡು, ಯಾವ ಸೂಜಿ – ಇಷ್ಟನ್ನು ಬರೆದು ನಕಲಿನ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ಚುಚ್ಚಿದ ಕೂಡಲೇ ಮಾಡಿಸಿದ ರಕ್ತಪರೀಕ್ಷೆಯ ವರದಿಯನ್ನು ಜೋಪಾನವಾಗಿಡಿ. ಮುಂದೆ ಸೋಂಕು ಕಂಡರೆ ಅದು ಮೊದಲೇ ಇರಲಿಲ್ಲ ಎನ್ನಲು ಅದೇ ಆಧಾರ. ಸಂಬಳದಲ್ಲಿ ಹಿಡಿದ ಹಣವನ್ನು ಬೇರೆ ಅರ್ಜಿಯಲ್ಲಿ ಕೇಳಿ.
– ವಕೀಲರು, ಹುಬ್ಬಳ್ಳಿ