‘ದಿ ಪ್ರಿಸನರ್’ 15ನೇ ಕಂತು: ಗೂಢಚಾರನ ಕಥೆಯೋ, ಕಾಗಕ್ಕ ಗುಬ್ಬಕ್ಕನ ಕಥೆಯೋ?

ತಡರಾತ್ರಿ ವೀಕ್ಷಕ (ಪ್ರಶ್ನೆ):

ಎರಡು ತಿಂಗಳಿನಿಂದ ಪ್ಯಾಟ್ರಿಕ್ ಮೆಗೂಹನ್ ಅವರ ‘ದಿ ಪ್ರಿಸನರ್’ ಧಾರಾವಾಹಿಯನ್ನು ಕ್ರಮವಾಗಿ ನೋಡುತ್ತಾ ಬಂದಿದ್ದೇನೆ. ರಾಜೀನಾಮೆ ಕೊಟ್ಟ ಗೂಢಚಾರನೊಬ್ಬನನ್ನು ಅಪಹರಿಸಿ, ‘ವಿಲೇಜ್’ ಎಂಬ ಅಂದವಾದ ಸೆರೆಮನೆಯಲ್ಲಿಟ್ಟು, ಅವನ ಹೆಸರನ್ನೇ ಕಿತ್ತುಕೊಂಡು ‘ನಂಬರ್ ಸಿಕ್ಸ್’ ಎಂದು ಕರೆದು, ರಾಜೀನಾಮೆಯ ಕಾರಣವನ್ನು ಬಾಯಿಬಿಡಿಸಲು ಒಬ್ಬರಾದ ಮೇಲೊಬ್ಬರು ‘ನಂಬರ್ ಟೂ’ಗಳು ಹೆಣಗುವ ಕಥೆ ಅದೆಂಬುದು ಇಲ್ಲಿನವರಿಗೆ ಗೊತ್ತೇ ಇದೆ. ಆದರೆ ‘ದಿ ಗರ್ಲ್ ಹೂ ವಾಸ್ ಡೆತ್’ ಎಂಬ ಕಂತು ಶುರುವಾದಾಗ ಬೇರೆ ಯಾವುದೋ ಧಾರಾವಾಹಿಯನ್ನು ಹಾಕಿಕೊಂಡೆನೇ ಎಂದು ಅನುಮಾನವಾಯಿತು. ಕ್ರಿಕೆಟ್ ಪಂದ್ಯದಲ್ಲಿ 99 ರನ್ ಗಳಿಸಿದ್ದ ಕರ್ನಲ್ ಒಬ್ಬರು ಶತಕಕ್ಕಾಗಿ ಬ್ಯಾಟ್ ಬೀಸಿದರೆ ಚೆಂಡೇ ಸಿಡಿದು ಸಾಯುತ್ತಾರೆ. ಬಿಳಿಯುಡುಪಿನ ಹುಡುಗಿಯೊಬ್ಬಳು ನಾಯಕನನ್ನು ಕೊಲ್ಲಲು ಒಂದಾದ ಮೇಲೊಂದು ಉಪಾಯ ಹೂಡುತ್ತಾಳೆ. ಕೊನೆಗೆ ನೋಡಿದರೆ ಅವಳ ತಂದೆ ನೆಪೋಲಿಯನ್ ವೇಷದ ಹುಚ್ಚು ವಿಜ್ಞಾನಿ. ದೀಪಸ್ತಂಭದ ವೇಷದಲ್ಲಿರುವ ರಾಕೆಟ್ಟಿನಿಂದ ಲಂಡನ್ನನ್ನು ನಾಶಮಾಡಲು ಹೊರಟವನು. ನಕ್ಕೆನೆಂಬುದು ನಿಜ. ಆದರೆ ಉಸಿರುಗಟ್ಟಿಸುವ ಉಳಿದ ಕಂತುಗಳ ನಡುವೆ ಈ ಹುಡುಗಾಟಕ್ಕೆ ಏನು ಕೆಲಸ? ಇದೆಲ್ಲ ನಂಬರ್ ಸಿಕ್ಸ್ ಮಕ್ಕಳಿಗೆ ಓದಿ ಹೇಳಿದ ಕಥೆ ಎಂದು ಕೊನೆಯಲ್ಲಿ ತಿಳಿದಾಗ ನನ್ನ ಕಿವಿಗೆ ಹೂ ಮುಡಿಸಿದಂತಾಯಿತು.

ಅಡಗೂಲಜ್ಜಿ (ಉತ್ತರ):

ಹೂ ಮುಡಿಸಿದ್ದು ನಿಮ್ಮ ಕಿವಿಗಲ್ಲ, ನಂಬರ್ ಟೂ ಕಿವಿಗೆ. ಮಕ್ಕಳ ಮುಂದೆ ಕುಳಿತರೆ ಈತ ಎಚ್ಚರ ತಪ್ಪಿ ಏನನ್ನಾದರೂ ಬಾಯಿಬಿಟ್ಟಾನು ಎಂಬ ಆಸೆಯಿಂದ ಆತ ಪರದೆಯ ಮುಂದೆ ಕಾದು ಕುಳಿತಿರುತ್ತಾನೆ. ಸಿಕ್ಕಿದ್ದು ಮಾತ್ರ ಅಪ್ಪಟ ಕಾಗಕ್ಕ ಗುಬ್ಬಕ್ಕನ ಕಥೆ. ಉಳಿದ ಕಂತುಗಳಲ್ಲಿ ಮೌನದಿಂದ, ಸಿಟ್ಟಿನಿಂದ ಕಾಪಾಡಿಕೊಂಡ ಗುಟ್ಟನ್ನು ಈ ಕಂತಿನಲ್ಲಿ ಆತ ಮಾತಾಡಿಯೇ ಕಾಪಾಡಿಕೊಳ್ಳುತ್ತಾನೆ. ಈ ಕಾರಣಕ್ಕಾಗಿಯೇ ನನ್ನ ಲೆಕ್ಕದಲ್ಲಿ ಇದು ಧಾರಾವಾಹಿಯ ಹೊರಗಿನ ಕಂತಲ್ಲ.

ಇದು ಕಥೆಯೆಂಬ ಸುಳಿವನ್ನು ನಿರ್ದೇಶಕ ಡೇವಿಡ್ ಟಾಂಬ್ಲಿನ್ ಮುಚ್ಚಿಟ್ಟೂ ಇಲ್ಲ. ಪಾಳುಬಿದ್ದ ಊರಿನ ಬೀದಿಯಲ್ಲಿ ಅಕ್ಕಪಕ್ಕ ಇರುವ ಅಂಗಡಿಗಳು ಯಾರವು ಗಮನಿಸಿ: ಕಟುಕನದು, ಬ್ರೆಡ್ ಮಾಡುವವನದು, ಮೇಣದಬತ್ತಿಯವನದು. ಇಂಗ್ಲಿಷಿನ ಶಿಶುಪ್ರಾಸವೊಂದರಲ್ಲಿ ಒಂದೇ ತೊಟ್ಟಿಯಲ್ಲಿ ಕೂರುವ ಮೂವರು ಇವರೇ. ಪಬ್ಬಿನ ದೃಶ್ಯವನ್ನು ಇನ್ನೊಮ್ಮೆ ನೋಡಿ. ನಾಯಕ ಬಿಯರ್ ಕುಡಿಯುತ್ತಾ ಹೋದಂತೆ ಲೋಟದ ತಳದಲ್ಲಿ ಬರಹವೊಂದು ಕಾಣಿಸಿಕೊಳ್ಳುತ್ತದೆ. ಪೂರ್ತಿ ಓದಲು ಆತ ಪೂರ್ತಿ ಕುಡಿಯಲೇಬೇಕು, ಕುಡಿದು ಓದಿದರೆ ‘ನಿನಗೆ ಈಗಷ್ಟೇ ವಿಷ ಹಾಕಲಾಗಿದೆ’ ಎಂದಿರುತ್ತದೆ. ಆತ ಗಾಬರಿಯಾಗದೆ ಬ್ರಾಂದಿ, ವಿಸ್ಕಿ, ವೋಡ್ಕಾ ಎಂದು ಕಪಾಟಿನಲ್ಲಿದ್ದುದನ್ನೆಲ್ಲ ಒಂದೊಂದಾಗಿ ತರಿಸಿಕೊಂಡು ಗಟಗಟನೆ ಏರಿಸಿ, ವಾಂತಿ ಮಾಡಿಕೊಳ್ಳಲು ಗಂಭೀರವಾಗಿ ನಡೆದುಹೋಗುತ್ತಾನೆ. ಮಕ್ಕಳು ಕಿಲಕಿಲ ನಗುವುದು ಇಂಥಲ್ಲೇ ಅಲ್ಲವೇ?

ಸಿಲ್ಲಿ ಪಾಯಿಂಟ್ (ಉತ್ತರ):

ಅಜ್ಜಿಯವರು ಕ್ರಿಕೆಟ್ಟನ್ನು ಬಿಟ್ಟುಬಿಟ್ಟರಲ್ಲ! ಕರ್ನಲ್ ಸತ್ತ ಮೇಲೆ ನಂಬರ್ ಸಿಕ್ಸ್ ದಪ್ಪ ಕೆನ್ನೆಗೂದಲು ಅಂಟಿಸಿಕೊಂಡು ಅದೇ ಕ್ರೀಸಿಗೆ ಬರುತ್ತಾನೆ, ಚೆಂಡು ಮತ್ತೆ ಬದಲಾಗುತ್ತದೆ, ಈತ ಬ್ಯಾಟ್ ಬೀಸದೆ ಅದನ್ನು ಕೈಯಲ್ಲೇ ಹಿಡಿದು ದೂರ ಎಸೆದು ಬಚಾವಾಗುತ್ತಾನೆ. ಪ್ರಾಣ ಉಳಿಯಿತು, ಸರಿ. ಆದರೆ ಅಂದಿನ ನಿಯಮದ ಪ್ರಕಾರ ಎದುರಾಳಿಗಳು ಮನವಿ ಮಾಡಿದ್ದರೆ ಅಂಪೈರ್ ಬೆರಳೆತ್ತಲೇಬೇಕಿತ್ತು. ‘ಹ್ಯಾಂಡಲ್ಡ್ ದ ಬಾಲ್’ ಎಂಬ ಔಟು 2017ರವರೆಗೂ ಪ್ರತ್ಯೇಕವಾಗಿಯೇ ಇತ್ತು. ನಮ್ಮ ಮೊಹಿಂದರ್ ಅಮರನಾಥ್ 1986ರಲ್ಲಿ ಮೆಲ್ಬರ್ನ್‌ನಲ್ಲಿ ಔಟಾದದ್ದು ಹಾಗೆಯೇ. ಇನ್ನೊಂದು ಸ್ವಾರಸ್ಯ: ಈ ಕಂತಿನ ಬೌಲರ್ ಪಾತ್ರಧಾರಿಯ ಹೆಸರು ಜಾನ್ ಡ್ರೇಕ್. ಅದಕ್ಕೆ ಮುಂಚೆ ‘ಡೇಂಜರ್ ಮ್ಯಾನ್’ ಧಾರಾವಾಹಿಯಲ್ಲಿ ಮೆಗೂಹನ್ ಮಾಡಿದ ಗೂಢಚಾರನ ಹೆಸರೂ ಅದೇ.

ಒಪ್ಪದವನು (ಉತ್ತರ):

ಅಡಗೂಲಜ್ಜಿಯವರ ವ್ಯಾಖ್ಯಾನ ಸೊಗಸಾಗಿದೆ, ಆದರೆ ಮನರಂಜನೆಗೆ ಅಷ್ಟು ದೊಡ್ಡ ಪೇಟ ತೊಡಿಸಬೇಕಾಗಿಲ್ಲ. ಏಳು ಕಂತುಗಳೇ ಸಾಕಿತ್ತೆಂದು ಮೆಗೂಹನ್ ಅವರೇ ಹೇಳಿಕೊಂಡಿದ್ದಾರೆ. ಹಣ ಹಾಕಿದ ಲ್ಯೂ ಗ್ರೇಡ್ ಅವರಿಗೆ ಅಮೆರಿಕದಲ್ಲಿ ಮಾರಲು ಹೆಚ್ಚು ಕಂತುಗಳು ಬೇಕಿದ್ದವು, ಕೊನೆಗೆ 17ಕ್ಕೆ ನಿಂತಿತು. 13ನೇ ಕಂತಿನಲ್ಲಂತೂ ಮೆಗೂಹನ್ ಸಿನಿಮಾ ಚಿತ್ರೀಕರಣಕ್ಕೆ ಹೋಗಿದ್ದರಿಂದ ನಾಯಕನ ಮನಸ್ಸನ್ನು ಇನ್ನೊಬ್ಬ ನಟನ ದೇಹಕ್ಕೆ ಸೇರಿಸಿ ಕಾಲ ತಳ್ಳಿದರು, 14ನೆಯದರಲ್ಲಿ ಕೌಬಾಯ್ ವೇಷ ಹಾಕಿಸಿದರು. ಅದರ ಬೆನ್ನಿಗೇ 1968ರ ಜನವರಿಯಲ್ಲಿ ಬಂದ ಈ ಕಂತು ನನಗೆ ಲೆಕ್ಕ ಭರ್ತಿಯಂತೆಯೇ ಕಾಣುತ್ತದೆ. ನೆಪೋಲಿಯನ್ನನ ದಂಡಿನವರು ವೆಲ್ಷ್, ಸ್ಕಾಟಿಷ್, ಯಾರ್ಕ್‌ಷೈರ್ ಉಚ್ಚಾರಣೆಗಳಲ್ಲಿ ಮಾತಾಡುವುದನ್ನು ಕೇಳಿ ನಾನೂ ಬಿದ್ದುಬಿದ್ದು ನಕ್ಕಿದ್ದೇನೆ, ಆ ಮಾತು ಬೇರೆ.

ಅಡಗೂಲಜ್ಜಿ (ಉತ್ತರ):

ಲೆಕ್ಕ ಭರ್ತಿಗೆಂದೇ ಮಾಡಿರಬಹುದು, ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಬರೀ ಭರ್ತಿಯಾಗಿದ್ದರೆ ಕೊನೆಯ ಎರಡು ನಿಮಿಷಗಳಿಗೆ ಅಷ್ಟು ತಲೆ ಓಡಿಸುತ್ತಿರಲಿಲ್ಲ. ಹುಚ್ಚು ವಿಜ್ಞಾನಿಯ ಪಾತ್ರ ಮಾಡಿದ ಕೆನ್ನೆತ್ ಗ್ರಿಫಿತ್ ಅವರೇ ಅಲ್ಲಿ ನಂಬರ್ ಟೂ ಆಗಿ ಕುಳಿತಿರುತ್ತಾರೆ; ಕೊಲೆಗಾತಿಯಾಗಿದ್ದ ಜಸ್ಟೀನ್ ಲಾರ್ಡ್ ಅವರೇ ಆತನ ಸಹಾಯಕಿ. ಕೈದಿಯು ತನ್ನನ್ನು ಕಾಯುವವರಿಗೆ ಕಥೆಯಲ್ಲಿ ಎಂಥ ವೇಷ ಹಾಕಿಸಿದ ನೋಡಿ!

ತಡರಾತ್ರಿ ವೀಕ್ಷಕ:

ಅಡಗೂಲಜ್ಜಿಯವರ ಮಾತು ಓದಿ ಕೊನೆಯ ದೃಶ್ಯವನ್ನಷ್ಟೇ ಮತ್ತೆ ನೋಡಿದೆ. ಅವರಿಬ್ಬರು ಅವರೇ ಎಂಬುದು ಮೊದಲ ಸಲ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಪುಸ್ತಕ ಮುಚ್ಚಿದ ನಂಬರ್ ಸಿಕ್ಸ್, ಬಿಬಿಸಿ ರೇಡಿಯೋದ ಮಕ್ಕಳ ಕಾರ್ಯಕ್ರಮದಲ್ಲಿ ಹಿಂದೆ ಹೇಳುತ್ತಿದ್ದಂತೆಯೇ ‘ಶುಭರಾತ್ರಿ ಮಕ್ಕಳೇ, ಎಲ್ಲೆಲ್ಲೂ ಇರುವ ಮಕ್ಕಳೇ’ ಎನ್ನುತ್ತಾನೆ. ಮೊದಲ ಮಾತನ್ನು ಮಾತ್ರ ಎದುರಿಗಿದ್ದ ಮಕ್ಕಳಿಗೆ ಹೇಳಿ, ಎರಡನೆಯದನ್ನು ನೇರವಾಗಿ ಕ್ಯಾಮೆರಾದ ಕಣ್ಣಿಗೆ, ಅಂದರೆ ಅತ್ತ ಕಡೆ ಕುಳಿತಿರುವ ನಂಬರ್ ಟೂಗೆ ಹೇಳುತ್ತಾನೆ. ಆ ಹೊತ್ತಿಗೆ ನಾನೂ ಪರದೆಯ ಮುಂದೆ ಬಾಯಿಬಿಟ್ಟುಕೊಂಡು ಕುಳಿತಿದ್ದೆ.