ಮೈನಸ್ ಚಳಿಯಲ್ಲಿ ಡ್ರೋನ್ ಹಾರಿಸಿದವರು ಹೇಳಿ

ಕ್ಯಾಲ್ಗರಿಗೆ ಬಂದ ಮೇಲೆ ಇದು ಮೊದಲ ಚಳಿಗಾಲ. ಡಿಜೆಐ ಮಿನಿ 3 ಇದೆ. ಮೈನಸ್ 12ರಲ್ಲಿ ಹಾರಿಸಬಹುದಾ? ಅನುಭವ ಇದ್ದವರು ತಿಳಿಸಿ.

ಎಡ್ಮಂಟನ್ ಗೌಡ: ಮ್ಯಾನ್ಯುಯಲ್‌ನಲ್ಲಿ ಮೈನಸ್ 10ರವರೆಗೆ ಅಂತಿದೆ. ನಾನು ಅದಕ್ಕಿಂತ ಕೆಳಗೂ ಹಾರಿಸುತ್ತೇನೆ. ಬ್ಯಾಟರಿಗಳು ಜಾಕೆಟ್ಟಿನ ಒಳಜೇಬಿನಲ್ಲಿ ಬೆಚ್ಚಗಿರುತ್ತವೆ. ಮೇಲೆಬ್ಬಿಸಿ ಒಂದೆರಡು ನಿಮಿಷ ತಲೆಮಟ್ಟದಲ್ಲೇ ನಿಲ್ಲಿಸುತ್ತೇನೆ, ಆಮೇಲೇ ದೂರ. ಡಬ್ಬಿ ಮೇಲಿನ 38 ನಿಮಿಷ ಮರೆತುಬಿಡಿ. 40 ಪರ್ಸೆಂಟ್‌ಗೆ ವಾಪಸ್. ಎರಡು ಎಕ್ಸ್‌ಟ್ರಾ ಬ್ಯಾಟರಿ, ಚಾರ್ಜಿಂಗ್ ಹಬ್, ಬೆರಳು ತೆರೆಯೋ ಗ್ಲೌಸ್, ಲ್ಯಾಂಡಿಂಗ್ ಮ್ಯಾಟ್, ಎಲ್ಲಾ ಸೇರಿ 340 ಡಾಲರ್. ಮನೆಯಲ್ಲಿ 180 ಅಂತ ಹೇಳಿದ್ದೇನೆ.

ಮಿನ್ನೆಸೋಟಾ ಮೂರ್ತಿ: ಜೇಬು ಬೆಚ್ಚಗಿದ್ದರೆ ಸಾಕಾ ಗೌಡ್ರೇ? ನಂದೂ ಜೇಬಿನಿಂದಲೇ ಹೋಗಿದ್ದು. ಹೆಪ್ಪುಗಟ್ಟಿದ ಕೆರೆ ಮೇಲೆ, 15 ಫ್ಯಾರನ್‌ಹೀಟ್, ಅಂದ್ರೆ ಮೈನಸ್ 9 ಸೆಲ್ಸಿಯಸ್ ಹತ್ತಿರ. ಬ್ಯಾಟರಿ 52 ತೋರಿಸುತ್ತಿತ್ತು. ಮೋಟಾರ್ ಸದ್ದು ಕೀರಲಾಯಿತು, ತೂರಾಡಿತು, ಬಿತ್ತು. ಎತ್ತಿ ನೋಡಿದರೆ ಪ್ರೊಪೆಲ್ಲರ್‌ನ ಅಂಚಿಗೆ ಉಪ್ಪು ಮೆತ್ತಿದ ಹಾಗೆ ಐಸ್. ರಿಪೇರಿ 214, ಕೊರಿಯರ್ 23.60, ಅದೂ ಹೋಗೋಕೊಂದು ಬರೋಕೊಂದು. ವಾಪಸ್ ಬಂದಾಗ ಕ್ಯಾಮೆರಾ ಓರೆ. ಮತ್ತೆ 23.60.

ಎಡ್ಮಂಟನ್ ಗೌಡ: ಅವತ್ತು ಮಂಜಿತ್ತು ಅಂತ ನೀವೇ ಹೋದ ವರ್ಷ ಬರೆದಿದ್ರಿ. ಮಂಜಿನಲ್ಲಿ ಎಬ್ಬಿಸಿ ಚಳಿಯನ್ನು ಬೈದರೆ ಹೇಗೆ? ಒಣ ಚಳಿಯಲ್ಲಿ ಐಸ್ ಕೂರಲ್ಲ ಸಾರ್.

ಮೂರ್ತಿ: ಸ್ವಲ್ಪ ಮಬ್ಬಿತ್ತು ಅಷ್ಟೇ. ದುಡ್ಡು ಹೋಗಿದ್ದು ನಂದು.

ಜಯನಗರ ಚಾರಣಿಗಳು: ನೀವಿಬ್ಬರೂ ಕಾರಿನಿಂದ ಹತ್ತು ಹೆಜ್ಜೆಯಲ್ಲಿ ಹಾರಿಸೋರು. ಚಳಿಗಾಲದಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಬನ್ನಿ. ಮಿನಿ 3ಕ್ಕೆ ಟೇಕಾಫ್ ಮಿತಿ 4,000 ಮೀಟರ್, ಅಲ್ಲಿನ ಬೌದ್ಧ ಮಠ ಕೀ ಗೊಂಪ ಇರೋದೇ 4,166ರಲ್ಲಿ. ಗಾಳಿ ತೆಳು, ಮೋಟಾರ್ ಜಾಸ್ತಿ ದುಡಿಯಬೇಕು, ಬ್ಯಾಟರಿ ಮೊದಲೇ ಮರಗಟ್ಟಿರುತ್ತೆ. ನಾನು ಕೆಳಗೆ ಕಾಜಾ ಊರಲ್ಲೇ ಹಾರಿಸಿದೆ. ರಾತ್ರಿ ಬಿಸಿನೀರಿನ ಬ್ಯಾಗ್ ನನಗಲ್ಲ, ರಜಾಯಿಯೊಳಗೆ ಬ್ಯಾಟರಿಗಳಿಗೆ. ಜೊತೆಗಿದ್ದವನು ಹೊರಗಿನಿಂದ ತಂದವನೇ ಬುಖಾರಿ (ರೂಮು ಬಿಸಿ ಮಾಡೋ ಒಲೆ) ಪಕ್ಕ ಡ್ರೋನ್ ಬ್ಯಾಗ್ ಬಿಚ್ಚಿದ. ಲೆನ್ಸ್ ಒಳಗೆ ನೀರು. ಜಿಪ್ ಹಾಕಿಯೇ ಇಟ್ಟು, ಒಳಗಿನದು ರೂಮಿನ ಬಿಸಿಗೆ ಬಂದಮೇಲೆ ತೆಗೆಯಬೇಕು ಅಂತ ಬಡ್ಕೊಂಡೆ.

ಎಡ್ಮಂಟನ್ ಗೌಡ: ಗಡಿ ಪಕ್ಕದ ಜಿಲ್ಲೆ ಮೇಡಂ. ಎಲ್ಲಿ ಡ್ರೋನ್ ಹಾರಿಸಬಹುದು ಅಂತ ತೋರಿಸೋ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿದ್ರಾ?

ಚಾರಣಿಗಳು: ನೋಡಿಯೇ ಹಾರಿಸಿದ್ದು. ನೀವು ಬ್ಯಾನ್ಫ್ ಅಂತ ವಿಡಿಯೋ ಹಾಕಿದ್ರಲ್ಲ, ಅಲ್ಲಿ ನ್ಯಾಷನಲ್ ಪಾರ್ಕಿನೊಳಗೆ ಡ್ರೋನ್ ನಿಷೇಧ. ಡ್ರೋನ್ ತೂಕ 250 ಗ್ರಾಂ ಒಳಗಿದ್ರೂ ಬಿಡಲ್ಲ, ದಂಡ 25,000 ಡಾಲರ್‌ವರೆಗೂ ಇದೆ.

ಎಡ್ಮಂಟನ್ ಗೌಡ: ಅದು ಕ್ಯಾನ್ಮೋರ್. ಪಾರ್ಕಿನ ಹೊರಗೆ.

ಮೂರ್ತಿ: ಕ್ಯಾನ್ಮೋರಿಗೆ ಲೇಕ್ ಲೂಯಿಸ್ ಯಾವಾಗ ಬಂತು ಗೌಡ್ರೇ? ವಿಡಿಯೋದಲ್ಲಿ ಕೆರೆ ದಡದ ಆ ದೊಡ್ಡ ಹೋಟೆಲ್ ಕಾಣಿಸುತ್ತೆ.