ಗುಂಪಿಗೆ ಬಂದ ಮಂಡಿನೋವು

ಶ್ರೀಧರ (ಫಾರ್ವರ್ಡ್ ಮಾಡಿದ್ದು): ಮಂಡಿನೋವು, ಸೊಂಟನೋವಿಗೆ ಇಂಗ್ಲಿಷ್ ಮಾತ್ರೆ ಬಿಸಾಡಿ!! ಕಿಡ್ನಿ ಉಳಿಸಿಕೊಳ್ಳಿ!! ಸೂಜಿ ಚಿಕಿತ್ಸೆ, ಜೊತೆಗೆ ಅರಿಶಿನದ ಕ್ಯಾಪ್ಸೂಲ್. ನೋವು ಶಾಶ್ವತವಾಗಿ ಮಾಯ!! ಹತ್ತು ಜನಕ್ಕೆ ಕಳಿಸಿ, ಪುಣ್ಯ ಕಟ್ಟಿಕೊಳ್ಳಿ.

ಮಧು: ದೊಡ್ಡಪ್ಪಾ, ಇಷ್ಟೊಂದು ಆಶ್ಚರ್ಯಸೂಚಕ ಹಾಕ್ಕೊಂಡು ಬರೋ ಔಷಧಿನ ನಾನು ನಂಬಲ್ಲ.

ಶ್ರೀಧರ: ನಿನಗೆ ಮಂಡಿ ನೋಯಲ್ಲವಲ್ಲ, ನಂಬಬೇಡ. ಆರು ತಿಂಗಳು ಮೆಟ್ಟಿಲು ಇಳಿಯೋಕೆ ಒದ್ದಾಡಿದೀನಿ. ಈಗ ಇಳಿತೀನಿ.

ಮಧು: ಅದು ಪ್ಲಸೀಬೊ, ಔಷಧಿ ತಗೊಂಡೆ ಅನ್ನೋ ನಂಬಿಕೆಗೇ ನೋವು ಇಳಿಯೋದು. ಬರೀ ಸಕ್ಕರೆ ಗುಳಿಗೆ ಕೊಟ್ಟಿದ್ರೂ ಇಳೀತಿದ್ರಿ.

ಸರಳಾ: ಮಧು, ದೊಡ್ಡಪ್ಪನ ಹತ್ರ ಹೀಗಾ ಮಾತಾಡೋದು? ನನ್ನ ಸೊಂಟಕ್ಕೆ ಮಾತ್ರೆ ಬರೆದ ಮೂಳೆ ಡಾಕ್ಟ್ರೇ ಯೋಗಾನೂ ಮಾಡಿ ಅಂದಿದ್ದು. ಎರಡೂ ಸೇರಿದ್ದಕ್ಕೇ ಇವತ್ತು ಕುರ್ಚಿ ಮೇಲೆ ಕೂತು ಇದನ್ನ ಟೈಪ್ ಮಾಡ್ತಿದೀನಿ.

ವಿದ್ಯಾ: ಪ್ಲಸೀಬೊ ಅಂದ್ರೆ ಸುಳ್ಳು ಅಂತಲ್ಲ ಕಣೋ ಮಧು. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಅಧ್ಯಯನ ಆಗಿತ್ತು. ಪ್ಲಸೀಬೊದಿಂದ ಇಳಿದಿದ್ದ ನೋವು ನಾಲೊಕ್ಸೋನ್ ಕೊಟ್ಟಾಗ ಮತ್ತೆ ಏರಿತು. ನಾಲೊಕ್ಸೋನ್ ಅಂದ್ರೆ ಮಾರ್ಫಿನ್ ಅನ್ನೋ ನೋವಿನ ಮದ್ದಿನ ಕೆಲಸಕ್ಕೆ ಅಡ್ಡ ಬರೋ ಔಷಧಿ. ಅಂದ್ರೆ ಅಲ್ಲೀವರೆಗೆ ಮೈಯೇ ತನ್ನ ನೋವಿಗೆ ಮಾರ್ಫಿನ್‌ನಂಥ ಮದ್ದು ಮಾಡ್ಕೊಂಡಿತ್ತು.

ಶ್ರೀಧರ: ನೋಡಿದ್ಯಾ! ಔಷಧಿ ಅಂಗಡಿಯವಳೇ ನನ್ನ ಕಡೆ.

ವಿದ್ಯಾ: ಪೂರ್ತಿ ಅಲ್ಲ ದೊಡ್ಡಪ್ಪ. ಸೂಜಿಗೆ ನನ್ನ ತಕರಾರಿಲ್ಲ. 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ದೀರ್ಘಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ವ್ಯಾಯಾಮ, ಯೋಗ, ಅಕ್ಯುಪಂಕ್ಚರ್ ನೋಡಿ ಅಂತು. ಆದ್ರೆ ನಿಜವಾದ ಸೂಜಿಗೂ ನೆಪಕ್ಕೆ ಚುಚ್ಚಿದ್ದಕ್ಕೂ ಪರೀಕ್ಷೆಗಳಲ್ಲಿ ಸಿಕ್ಕ ವ್ಯತ್ಯಾಸ ಚಿಕ್ಕದು, ಅದನ್ನೂ ಹೇಳ್ಬೇಕು. ನನ್ನ ಜಗಳ ಕ್ಯಾಪ್ಸೂಲ್ ಜೊತೆ. ನೀವು ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ತಗೊಳ್ತೀರಲ್ವಾ?

ಶ್ರೀಧರ: ಅದು ಹೃದಯಕ್ಕಮ್ಮ. ಇದು ಮಂಡಿಗೆ.

ಮಧು: ರಕ್ತ ಎರಡಕ್ಕೂ ಒಂದೇ ಅಲ್ವಾ.

ವಿದ್ಯಾ: ಅರಿಶಿನದ ಸಾರವನ್ನ ಗಟ್ಟಿಮಾಡಿ ತುಂಬಿರೋ ಕ್ಯಾಪ್ಸೂಲ್ ವಾರ್ಫರಿನ್ ಜೊತೆ ಸೇರಿದ್ರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡೋ ಐಎನ್‌ಆರ್ ಪರೀಕ್ಷೆ ಕೊನೇ ಸಲ ಮಾಡಿಸಿದ್ದು ಯಾವಾಗ? ಹೃದಯದ ಡಾಕ್ಟ್ರಿಗೆ ಈ ವಿಷಯ ಹೇಳಿದೀರಾ?

ಶ್ರೀಧರ: ಬೈತಾರೆ ಅಂತ ಹೇಳಿಲ್ಲ.

ಸರಳಾ: ಅಣ್ಣಾ!

ವಿದ್ಯಾ: ಅಂಗಡಿಗೆ ಬರೋರು ಎಷ್ಟೋ ಜನ ಇದನ್ನೇ ಹೇಳ್ತಾರೆ. ಈ ಡಾಕ್ಟ್ರಿಗೆ ಆ ಔಷಧಿ ಗೊತ್ತಿಲ್ಲ, ಅವರಿಗೆ ಈ ಮಾತ್ರೆ ಗೊತ್ತಿಲ್ಲ. ಎರಡು ಪದ್ಧತಿ ಸೇರಿಸೋದು ತಪ್ಪಲ್ಲ ದೊಡ್ಡಪ್ಪ, ಮುಚ್ಚಿಟ್ಟು ಸೇರಿಸೋದು ತಪ್ಪು. ಬೇರೆ ಏನಾದ್ರೂ ತಗೊಳ್ತಿದೀರಾ?

ಶ್ರೀಧರ: ಸೂಜಿಯವರು ಒಂದು ಕಪ್ಪು ಗುಳಿಗೆ ಕೊಟ್ಟಿದ್ದಾರೆ. ಹೆಸರು ಗಿಸರು ಏನಿಲ್ಲ. ನುಂಗಿದ ಅರ್ಧ ಗಂಟೆಗೆ ನೋವು ನಿಲ್ಲುತ್ತೆ.

ಮಧು: ಓಹೋ.

ವಿದ್ಯಾ: ಅಷ್ಟು ಬೇಗ ನಿಲ್ಲೋದೇ ನನಗೆ ಭಯ. ಹೆಸರಿಲ್ಲದ ಇಂಥ ಗುಳಿಗೆಗಳಲ್ಲಿ ಡೈಕ್ಲೊಫೆನಾಕ್ ಅನ್ನೋ ಇಂಗ್ಲಿಷ್ ನೋವಿನ ಮಾತ್ರೆ, ಸ್ಟೀರಾಯ್ಡ್ ಬೆರೆಸಿರೋದು ಎಷ್ಟೋ ಸಲ ಪತ್ತೆಯಾಗಿದೆ. ಯಾವ ಮಾತ್ರೆಗೆ ಹೆದರಿ ಓಡಿ ಹೋದ್ರೋ ಅದೇ ಅಲ್ಲಿ ಕೂತಿರಬಹುದು. ವಾರ್ಫರಿನ್ ಜೊತೆ ಡೈಕ್ಲೊಫೆನಾಕ್ ಬಿದ್ರೆ ಹೊಟ್ಟೆಯೊಳಗೆ ರಕ್ತ ಒಸರಬಹುದು. ಮಲ ಕಪ್ಪಗೆ ಹೋಗ್ತಿದೆಯಾ?

ಶ್ರೀಧರ: ಇದನ್ನೆಲ್ಲ ಗುಂಪಲ್ಲಿ ಕೇಳ್ತೀಯಲ್ಲೇ ಮಗಳೇ!

ಸರಳಾ: ನಾಚಿಕೆ ಆಮೇಲೆ ಪಟ್ಕೊಳ್ಳಿ, ಉತ್ತರ ಹೇಳಿ.

ಶ್ರೀಧರ: ಇಲ್ಲ. ವಸಡಲ್ಲಿ ಮಾತ್ರ ಒಂದೆರಡು ಸಲ ರಕ್ತ ಬಂತು. ಬ್ರಷ್ ಗಟ್ಟಿ ಇದೆ ಅಂದ್ಕೊಂಡೆ.

ವಿದ್ಯಾ: ಇವತ್ತೇ ಹೃದಯದ ಡಾಕ್ಟ್ರಿಗೆ ಫೋನ್ ಮಾಡಿ. ಕ್ಯಾಪ್ಸೂಲ್, ಗುಳಿಗೆ, ವಸಡು ಎಲ್ಲಾ ಹೇಳಿ. ವಾರ್ಫರಿನ್ ಮಾತ್ರ ನೀವಾಗೇ ನಿಲ್ಲಿಸಬೇಡಿ. ಗುಳಿಗೆ ಎಷ್ಟು ದಿನದಿಂದ ಅಂತಾನೂ ಹೇಳಿ, ಅದರಲ್ಲಿ ಸ್ಟೀರಾಯ್ಡ್ ಇದ್ದು ತುಂಬಾ ದಿನ ತಗೊಂಡಿದ್ರೆ ಏಕಾಏಕಿ ಬಿಡೋದೂ ತೊಂದರೆ. ಎಲ್ಲಾ ಡಬ್ಬಿ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ.

ಶ್ರೀಧರ: ಸೂಜಿ?

ವಿದ್ಯಾ: ರಕ್ತ ತೆಳುವಾಗೋ ಮಾತ್ರೆ ತಗೊಳ್ತೀನಿ ಅಂತ ಅವರಿಗೂ ಹೇಳಿಲ್ಲ ತಾನೇ?

ಶ್ರೀಧರ: ಅವರು ಕೇಳಲಿಲ್ಲ.

ಮಧು: ದೊಡ್ಡಪ್ಪ, ಸಂಜೆ ಬರ್ತೀನಿ, ಒಟ್ಟಿಗೆ ಹೋಗೋಣ. ಸಕ್ಕರೆ ಗುಳಿಗೆ ಅಂದಿದ್ದಕ್ಕೆ ಬೇಜಾರಾಗಬೇಡಿ.

ಶ್ರೀಧರ: ಬಾ. ಈ ಫಾರ್ವರ್ಡ್ ಅಳಿಸೋದು ಹೇಗೋ? ಒತ್ತಿದ್ರೆ ನನ್ನ ಫೋನಲ್ಲಿ ಮಾತ್ರ ಹೋಗುತ್ತೆ ಅಂತ ತೋರಿಸ್ತಿದೆ.

ಸರಳಾ: ಅಯ್ಯೋ, ನಾನು ಬೆಳಗ್ಗೆನೇ ನಮ್ಮ ಯೋಗದ ಗುಂಪಿಗೆ ಕಳಿಸಿಬಿಟ್ಟೆ.